ಎರಡು ಮೀನಿನ ನಾಣ್ಯದ ಸುದ್ದಿ

ಮಾವಯ್ಯಾ,

ನಿಮ್ಮ ಸೊಸೆ ಜಲಜಾ ಬರೆಯುತ್ತಿದ್ದೇನೆ. ನೀವು ಹೋಗಿ ವರ್ಷ ತುಂಬಿ ಎರಡು ತಿಂಗಳಾಯಿತು. ವರ್ಷದ ಕಾರ್ಯದ ದಿನ ಎಡೆ ಇಟ್ಟ ಎಲೆಯ ಮುಂದೆ ನಿಂತು ನಿಮಗೆ ಏನೇನೋ ಹೇಳಬೇಕೆಂದಿದ್ದೆ. ನೆಂಟರ ಗದ್ದಲದಲ್ಲಿ ಆಗಲಿಲ್ಲ. ಹೇಳಿದ್ದರೂ ಈ ಸುದ್ದಿ ಅದರಲ್ಲಿ ಇರುತ್ತಿರಲಿಲ್ಲ. ಪೂರ್ತಿ ಸುದ್ದಿ ನನಗೇ ಗೊತ್ತಾದದ್ದು ಮೊನ್ನೆ ಗುರುವಾರ. ಅವತ್ತು ಸಂಜೆ ಮನೆಗೆ ಬಂದವಳು, ಇದನ್ನು ಮೊದಲು ಮಾವಯ್ಯನಿಗೆ ಹೇಳಬೇಕು ಎಂದುಕೊಂಡು ಜಗಲಿಯ ಕಡೆ ನಾಲ್ಕು ಹೆಜ್ಜೆ ಹಾಕಿಯೂ ಬಿಟ್ಟಿದ್ದೆ. ಆಮೇಲೆ ನೆನಪಾಯಿತು... ಅದಕ್ಕೇ ಈ ಕಾಗದ.

ನಾನು ಮದುವೆಯಾಗಿ ಗಂಗೊಳ್ಳಿಗೆ ಬಂದ ಹೊಸತರಲ್ಲಿ ನೀವು ನನ್ನ ಹತ್ತಿರ ಮಾತಾಡಿದ್ದೇ ಕಡಿಮೆ. ಐಸ್ ಪ್ಲಾಂಟಿನಿಂದ ಬರುತ್ತಿದ್ದಿರಿ, ಅಂಗಿಯಲ್ಲಿ ಅಮೋನಿಯಾ ವಾಸನೆ, ಕೈ ಯಾವಾಗಲೂ ತಣ್ಣಗೆ. ಊಟ ಮಾಡಿ ಒಳಕೋಣೆಗೆ ಹೋದರೆ ಮುಗಿಯಿತು. ಈ ಮನೆಯಲ್ಲಿ ನನ್ನನ್ನು ಕಂಡರೆ ಇವರಿಗೆ ಸೇರುವುದಿಲ್ಲವೇನೋ ಎಂದು ಅಳುಕಿದ್ದೆ. ಆರು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ನಾನು ಕುಂದಾಪುರದ ಆಸ್ಪತ್ರೆಗೆ ಹೊರಟು ಚಪ್ಪಲಿ ಹಾಕುವಾಗ, ನೀವು ಬಾಗಿಲ ಹತ್ತಿರ ಬಂದು ಕೆಮ್ಮಿದಿರಿ. "ಜಲಜಾ, ನಿಮ್ಮ ಲ್ಯಾಬಲ್ಲಿ ರಕ್ತ ಕಾಂಬ ಮಿಷನ್ ಇತ್ತಲ್ದಾ? ಅದ್ರಲ್ಲಿ ನಾಣ್ಯ ಕಾಂಬುಕಾತ್ತಾ?" ನನಗೆ ನಗು ತಡೆಯಲಾಗಲಿಲ್ಲ. ನೀವೂ ನಕ್ಕಿರಿ. ಅವತ್ತು ಸಂಜೆ ನಾನು ಬಂದಾಗ ಒಳಕೋಣೆಯ ಮಂಚದ ಮೇಲೆ ಬಿಸ್ಕೆಟಿನ ತಗಡಿನ ಡಬ್ಬಿ ತೆರೆದಿತ್ತು. ಒಳಗೆ, ಹಳೆಯ ಕ್ಯಾಲೆಂಡರಿನ ಹಾಳೆ ಮಡಚಿ ನೀವೇ ಮಾಡಿದ ಸಣ್ಣ ಸಣ್ಣ ಲಕೋಟೆಗಳು. ಒಂದೊಂದರಲ್ಲಿ ಒಂದೊಂದು ನಾಣ್ಯ. ನಮ್ಮ ಸ್ನೇಹ ಶುರುವಾದದ್ದು ಆ ಸಂಜೆ ಎಂದು ನಾನು ಲೆಕ್ಕ ಹಾಕಿದ್ದೇನೆ. ನೀವೂ ಹಾಗೇ ಅಂದುಕೊಂಡಿದ್ದಿರಾ?

ನೀವು ಕೆಲಸದಿಂದ ನಿವೃತ್ತರಾದ ವರ್ಷ ನಾನು ಕೈಗೆ ಫೋನ್ ಕೊಟ್ಟು ಹಳೆ ನಾಣ್ಯ ಮಾರುವ ಆನ್‌ಲೈನ್ ಜಾಗಗಳನ್ನು ತೋರಿಸಿದ್ದು ನೆನಪಿದೆಯೇ? ಮೊದಲ ವಾರ ನೀವು ಊಟವನ್ನೂ ಮರೆತಿರಿ. ಮುಂಬೈಯಲ್ಲಿ ಫ್ರಿಜ್ ರಿಪೇರಿ ಮಾಡಿಕೊಂಡಿದ್ದ ಕಾಲದಲ್ಲಿ ಭಾನುವಾರ ಫುಟ್‌ಪಾತಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಆರಿಸುತ್ತಿದ್ದವರಿಗೆ, ಈಗ ಇಡೀ ದೇಶದ ಫುಟ್‌ಪಾತು ಅಂಗೈ ಮೇಲೆ ಬಂದಿತ್ತು. ನಾನು ಒಂದು ಚೆಂದದ ಬೆಳ್ಳಿ ನಾಣ್ಯ ತೋರಿಸಿ "ತಕಂಬನಾ ಮಾವಯ್ಯ?" ಎಂದರೆ ನೀವು ಚಿತ್ರವನ್ನು ಸರಿಸಿಬಿಡುತ್ತಿದ್ದಿರಿ. "ನಾಣ್ಯ ಆಮೇಲ್ ಕಾಂಬ. ಮೊದ್ಲ್ ಮಾರುವವ ಯಾರ್ ಅಂದೇಳಿ ಕಾಣ್."

ಹಾಗೆ ನೀವು ಹೇಳಿಕೊಟ್ಟದ್ದನ್ನು ಇವತ್ತು ಕೂತು ಯೋಚಿಸಿದರೆ, ನಾಣ್ಯಕ್ಕಿಂತ ಮನುಷ್ಯರ ವಿಷಯವೇ ಹೆಚ್ಚು. ಮಾರುವವನ ಹೆಸರಿನ ಮುಂದೆ ಕೊಂಡವರು ಕೊಟ್ಟ ಐದು ನಕ್ಷತ್ರ ಇದ್ದರೆ ಸಾಲದು, ಆ ನಕ್ಷತ್ರ ಯಾವುದಕ್ಕೆ ಸಿಕ್ಕಿದ್ದು ಎಂದು ಕೆಳಗೆ ಹೋಗಿ ಓದಬೇಕು. ಅಂಚಿನ ಫೋಟೋ ಕೇಳಬೇಕು, ತೂಕ ಕೇಳಬೇಕು, ಎಲ್ಲಿಂದ ಬಂತು ಎಂದು ಕೇಳಬೇಕು, ಸರಿಯಿಲ್ಲದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಕೇಳಬೇಕು. ಕೇಳಿದ್ದಕ್ಕೆ ಸಿಟ್ಟು ಮಾಡಿದವನನ್ನು ಅಲ್ಲಿಗೇ ಬಿಡಬೇಕು. ಇವೆಲ್ಲ ಯಾರೂ ಹೇಳಬಹುದು. ಆದರೆ ನೀವು ಇನ್ನೊಂದು ಹೇಳುತ್ತಿದ್ದಿರಿ: "ಎಲ್ಲದಕ್ಕೂ ಉತ್ರ ಇಟ್ಕಂಡವನನ್ನ ನಂಬುಕಾಗ ಮಾರಾಯ್ತಿ. 'ಗೊತ್ತಿಲ್ಲ' ಅಂಬವ ಸಿಕ್ರೆ ಅವ್ನ್ ಹತ್ರ ಮಾತಾಡ್." ಸಾವಿರ ವರ್ಷದ ಹಿಂದಿನ ವಸ್ತುವಿನ ಬಗ್ಗೆ ಯಾರಿಗಾದರೂ ಎಲ್ಲವೂ ಗೊತ್ತಿರಲು ಹೇಗೆ ಸಾಧ್ಯ ಎನ್ನುವುದು ನಿಮ್ಮ ಪ್ರಶ್ನೆ.

ಒಂದು ರಜೆಯ ದಿನ ಬ್ರಹ್ಮಾವರದಲ್ಲಿ ಬಸ್ಸಿಳಿದು ಬಾರ್ಕೂರಿಗೆ ಹೋದೆವಲ್ಲ. ಹಳೆ ಕೋಟೆಯ ಜಾಗದಲ್ಲಿ ಹುಲ್ಲು ಬೆಳೆದಿತ್ತು, ಎರಡು ದನ ಮೇಯುತ್ತಿದ್ದವು. ನಾನು ಇಷ್ಟೇನಾ ಎಂಬ ಹಾಗೆ ಮುಖ ಮಾಡಿದ್ದಕ್ಕೆ ನೀವು ಕಲ್ಲಿನ ಮೇಲೆ ಕೂತು ಹೇಳಿದಿರಿ, ಇಲ್ಲಿಂದ ಆಳಿದ ಆಳುಪರ ನಾಣ್ಯದ ಮೇಲೆ ಎರಡು ಮೀನು ಅಕ್ಕಪಕ್ಕ ಇರುತ್ತವೆ ಎಂದು. "ರಾಜ್ರಾದ್ರೂ ಮೀನನ್ನ ಬಂಗಾರದ್ ಮೇಲೆ ಹಾಕಿದ್ರ್ ಕಾಣ್. ನಮ್ಮ ಮೀನನ್ನ!" ಮೀನು ಹಿಡಿದು, ಮಾರಿ, ಮಂಜುಗಡ್ಡೆಯಲ್ಲಿ ಇಟ್ಟು ಬದುಕಿದ ಮನೆತನದವರು ನೀವು. ಆ ಹೆಮ್ಮೆ ನನಗೆ ಅರ್ಥವಾಗುತ್ತಿತ್ತು. "ನಿಮ್ಮ ಹತ್ರ ಅದ್ ಒಂದ್ ಇಲ್ಲ್ಯಾ ಮಾವಯ್ಯ?" ಎಂದು ಕೇಳಿದೆ. "ಒಂದ್ಸರ್ತಿ ಸಿಕ್ಕಿತ್. ಮುಂಬೈಲಿ. ದೋಸ್ತಿಗೆ ಕೊಟ್ಟೆ," ಎಂದಿರಿ. ದೋಸ್ತಿ ಯಾರೆಂದು ನಾನು ಕೇಳಲಿಲ್ಲ. ಕೇಳಿದ್ದರೆ...

ಐದು ನಕ್ಷತ್ರದ ಒಬ್ಬ ಮಾರುವವನ ಸಂಗತಿ ನಡೆದದ್ದು ಅದಾದ ಮರುವರ್ಷ. ಎರಡು ಮೀನಿನ ಸಣ್ಣ ಬಂಗಾರದ ನಾಣ್ಯ, ಉದ್ದಿನಬೇಳೆಗಿಂತ ತುಸು ದೊಡ್ಡದು, ಹೊಳೆಯುತ್ತಾ ಫೋನಿನ ತುಂಬ ಕಾಣುತ್ತಿತ್ತು. ನಿಮಗೆ ಕೊಡಿಸಲೇಬೇಕೆಂದು ನಾನು ಹಟ ಹಿಡಿದೆ. ನೀವು ಎಂದಿನಂತೆ ಮಾರುವವನ ಹಿಂದೆ ಬಿದ್ದಿರಿ. ನೋಡಿದರೆ ಅವನಿಗೆ ಸಿಕ್ಕ ಹೊಗಳಿಕೆಯೆಲ್ಲ ಮೊಬೈಲ್ ಕವರಿಗೆ, ಕೀ ಚೈನಿಗೆ. ಅದೂ ಒಂದೇ ತಿಂಗಳಲ್ಲಿ ಸಾಲಾಗಿ. ಅದೇ ವಾರ ಇನ್ನೊಂದು ಹೆಸರಿನಲ್ಲಿ ಇನ್ನೊಬ್ಬ ಅಂಥದ್ದೇ ನಾಣ್ಯ ಇಟ್ಟಿದ್ದ. ನಾನು ಎರಡೂ ಫೋಟೋ ದೊಡ್ಡದು ಮಾಡಿ ಅಕ್ಕಪಕ್ಕ ಹಿಡಿದೆ. ಎಡಗಡೆ ಮೀನಿನ ಹೊಟ್ಟೆಯ ಕೆಳಗೆ ಕೂದಲೆಳೆಯಂಥ ಒಂದು ಗೀರು. ಎರಡರಲ್ಲೂ ಅದೇ ಗೀರು, ಅದೇ ಜಾಗದಲ್ಲಿ. ಕೈಯಿಂದ ಕೈಗೆ ಹೋಗಿ ಸವೆದ ಎರಡು ನಾಣ್ಯಕ್ಕೆ ಒಂದೇ ಕಡೆ ಒಂದೇ ಗೀರು ಬೀಳುವುದುಂಟೇ? ಒಂದೇ ಅಚ್ಚಿಗೆ ಎರೆದ ನಕಲಿಗಳು. ನಾನು ಗೆದ್ದವಳ ಹಾಗೆ "ಸಿಕ್ಕಿಬಿದ್ದ ಮಾವಯ್ಯ!" ಎಂದೆ. ನೀವು ಗೀರನ್ನೇ ನೋಡುತ್ತಾ ಇದ್ದಿರಿ. ಆಮೇಲೆ ಫೋನ್ ನನ್ನ ಕೈಗೆ ಕೊಟ್ಟು ಜಗಲಿಗೆ ಹೋಗಿ ಕೂತಿರಿ. ಆಸೆಪಟ್ಟದ್ದು ಕೈತಪ್ಪಿತೆಂದು ಬೇಜಾರು ಮಾಡಿಕೊಂಡಿರಿ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ.

ನೀವು ಹೋದ ದಿನದ ಬಗ್ಗೆ ಬರೆಯುವುದಿಲ್ಲ. ಬೆಳಿಗ್ಗೆ ಚಾ ಕುಡಿದು, ಎದೆ ಹಿಡಿದುಕೊಂಡು, ಅಷ್ಟೇ. ಕೆಲವು ತಿಂಗಳು ಡಬ್ಬಿಯನ್ನು ನಾನು ಮುಟ್ಟಲಿಲ್ಲ. ನಿಮ್ಮ ಮಗನಂತೂ ಮೊದಲಿಂದಲೂ ಅದರ ಸುದ್ದಿಗೆ ಹೋದವರಲ್ಲ. ಬಂದರಿನಲ್ಲಿ ಬೋಟಿನ ಇಂಜಿನ್ ಬಿಚ್ಚಿ ಕಟ್ಟುವವರಿಗೆ ಓಡದ ವಸ್ತುವಿನ ಮೇಲೆ ಪ್ರೀತಿ ಹೇಗೆ ಬರಬೇಕು? ಮಳೆಗಾಲ ಮುಗಿದ ಮೇಲೆ, ತೇವ ಹಿಡಿದೀತೆಂದು ನಾನೇ ತೆಗೆದೆ. ಎಲ್ಲ ನಾಣ್ಯವೂ ನಿಮ್ಮ ಅಕ್ಷರವಿದ್ದ ಲಕೋಟೆಯಲ್ಲಿತ್ತು, ಒಂದನ್ನು ಬಿಟ್ಟು. ವಿಜಯನಗರದ ಕಾಲದ ಬಂಗಾರದ ಅರ್ಧ ವರಾಹ, ಎರಡು ತಲೆಯ ಗಂಡಭೇರುಂಡದ್ದು. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಳದಲ್ಲಿ ಇಟ್ಟಿದ್ದಿರಿ. ನೀವು ಇರುವಾಗ ಒಮ್ಮೆಯೂ ನನ್ನ ಕೈಗೆ ಕೊಡದ ನಾಣ್ಯ ಅದೊಂದೇ.

ಮತ್ತೆ ಆನ್‌ಲೈನ್ ಕಡೆ ನಾನು ಕಣ್ಣು ಹಾಯಿಸಿದ್ದು ಹೋದ ತಿಂಗಳು. ಬಸ್ಸಿನಲ್ಲಿ ಕೂತು ಸುಮ್ಮನೆ ನೋಡುತ್ತಿದ್ದಾಗ ಎರಡು ಮೀನು ಕಣ್ಣಿಗೆ ಬಿದ್ದವು. ಫೋಟೋ ಮಸುಕು. ನಾಣ್ಯದ ಪಕ್ಕ ಯಾರದೋ ಹೆಬ್ಬೆರಳು, ಹಸಿರು ಗಾಜಿನ ಬಳೆಯ ಅಂಚು. ಮಾರುವವರ ಹೆಸರಿನ ಮುಂದೆ ಒಂದು ನಕ್ಷತ್ರವೂ ಇಲ್ಲ. ಖಾತೆ ತೆರೆದು ವಾರವಾಗಿತ್ತಷ್ಟೆ. ಬೇರೆ ಯಾರಾದರೂ ಆಗಿದ್ದರೆ ಮುಂದೆ ಹೋಗುತ್ತಿದ್ದರು. ನಾನು ನಿಮ್ಮ ಪ್ರಶ್ನೆಗಳನ್ನು ಒಂದೊಂದಾಗಿ ಕಳಿಸಿದೆ. ತೂಕ ಎಷ್ಟು? "ಗೊತ್ತಿಲ್ಲ, ನಮ್ಮದ್ ಜೆರಾಕ್ಸ್ ಅಂಗ್ಡಿ, ತಕ್ಕಡಿ ಇಲ್ಲ." ಯಾವ ರಾಜನದು? "ನಂಗೊತ್ತಿಲ್ಲ." ಎಲ್ಲಿಂದ ಬಂತು? "ನಮ್ಮವ್ರಿಗೆ ದೋಸ್ತಿ ಕೊಟ್ಟದ್ದ್. ಅವ್ರ್ ತೀರಿ ಎರಡ್ ವರ್ಷ ಆಯ್ತ್." ಸರಿಯಿಲ್ಲದಿದ್ದರೆ? "ಬೇಡ ಆದ್ರೆ ವಾಪಸ್ ಕೊಡಿ, ಅದ್ರಲ್ಲಿ ಎಂತ ಇತ್?" ಎಷ್ಟು ಸಲ 'ಗೊತ್ತಿಲ್ಲ'! ನೀವು ಇದ್ದಿದ್ದರೆ ತೊಡೆ ತಟ್ಟಿಕೊಳ್ಳುತ್ತಿದ್ದಿರಿ. ಊರು ಯಾವುದೆಂದು ಕೇಳಿದೆ. ಬೈಂದೂರು! ಹುಬ್ಬಳ್ಳಿಯವರೊಬ್ಬರು ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ, ಕೊರಿಯರ್ ಮಾಡುವ ಮುಂಚೆ ಬೇಕಾದರೆ ಬಂದು ನೋಡಿ ಎಂದರು. ಅರ್ಧ ದಿನ ರಜೆ ಹಾಕಿದೆ.

ಬೈಂದೂರಿಗೆ ಹೋಗುವಾಗ ಮರವಂತೆಯ ಹತ್ತಿರ, ಒಂದು ಬದಿ ಸಮುದ್ರ ಇನ್ನೊಂದು ಬದಿ ಹೊಳೆ, ನಾನು ಕಿಟಕಿಯ ಹೊರಗೆ ನೋಡುತ್ತಾ ನಿಮ್ಮ ಹತ್ತಿರವೇ ಮಾತಾಡುತ್ತಿದ್ದೆ. ಬ್ಯಾಗಿನಲ್ಲಿ ನಿಮ್ಮ ಭೂತಗನ್ನಡಿ, ನಿಮ್ಮ ಅಂಗೈಯಗಲದ ತೂಕದ ಯಂತ್ರ. ಅಂಗಡಿ ಬಸ್‌ಸ್ಟ್ಯಾಂಡಿನಿಂದ ದೂರ ಇರಲಿಲ್ಲ. ಪೆನ್ನು, ಪುಸ್ತಕ, ಒಂದು ಜೆರಾಕ್ಸ್ ಯಂತ್ರ, ಅದರ ಹಿಂದೆ ಅರವತ್ತೈದರ ಆಸುಪಾಸಿನ ಚುರುಕಾದ ಹೆಂಗಸು. ಹೆಸರು ಗಿರಿಜಮ್ಮ. "ಹ್ವಾಯ್, ಗಂಗೊಳ್ಳಿಯವ್ರ್ ಅಲ್ದಾ? ಬನ್ನಿ, ಕೂಕಣಿ. ಬಿಸಿಲಲ್ಲಿ ಬಂದ್ರಿ, ಮಜ್ಜಿಗೆ ಕುಡೀರಿ." ನನ್ನ ಹೆಸರನ್ನೂ ಕೇಳದೆ ಒಂದು ಸ್ಟೀಲ್ ತಟ್ಟೆಯಲ್ಲಿ ನಾಣ್ಯ ತಂದು ಮುಂದಿಟ್ಟರು. ಇಷ್ಟು ನಂಬುವವರ ವಸ್ತು ಸುಳ್ಳಾಗಿರಲು ಸಾಧ್ಯವೇ ಇಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ತಪ್ಪು ಮಾಡಿದ್ದು ಅಲ್ಲೇ ಮಾವಯ್ಯ. ಮಾರುವವರು ಸತ್ಯವಂತರಾದರೆ ಅದು ಅವರ ಬಗ್ಗೆ ಹೇಳುತ್ತದೆ. ನಾಣ್ಯದ ಬಗ್ಗೆ ಅಲ್ಲ.

ನಾಣ್ಯವನ್ನು ತೂಕದ ಯಂತ್ರದ ಮೇಲೆ ಇಟ್ಟೆ. ಬರಬೇಕಾದ ತೂಕದ ಮುಕ್ಕಾಲು ಪಾಲೂ ಇರಲಿಲ್ಲ. ಎರಡನೇ ಸಲ ಇಟ್ಟೆ, ಮೂರನೇ ಸಲ. ಭೂತಗನ್ನಡಿ ಹಿಡಿದರೆ ಬಾಲದ ಉಬ್ಬಿನಲ್ಲಿ ಬಂಗಾರದ ನೀರು ಸವೆದು ಕೆಂಪು ತಾಮ್ರ ಇಣುಕುತ್ತಿತ್ತು, ಅಂಚಿನಲ್ಲಿ ಹಸಿರು ಕಿಲುಬು. ಎಡಗಡೆ ಮೀನಿನ ಹೊಟ್ಟೆಯ ಕೆಳಗೆ ಕೂದಲೆಳೆಯಂಥ ಗೀರು. ಅದೇ ಗೀರು. ನಾನು ಭೂತಗನ್ನಡಿ ಕೆಳಗಿಟ್ಟು, "ಗಿರಿಜಮ್ಮ, ಇದ್ ಸಾಚಾ ಅಲ್ಲ," ಎಂದೆ.

ಅವರ ಮುಖ ಒಮ್ಮೆಲೇ ಬದಲಾದದ್ದು ನೀವು ನೋಡಬೇಕಿತ್ತು. ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. "ನಂಗೆ ಮೊದ್ಲೇ ಹೇಳಿದ್ರ್, ತಕಂಬವ್ರ್ ಹೀಂಗೇ ಮಾಡುದ್ ಅಂದೇಳಿ. ಸುಳ್ಳ್ ಅಂತ ಹೆದರ್ಸಿ ಕಮ್ಮಿಗೆ ಹೊಡ್ಕಂಡ್ ಹೋಪುದ್. ಮಜ್ಜಿಗೆ ಕುಡುದ್ರಿ ಅಲ್ದಾ, ಹೋಯ್ನಿ." ನಾನು ತೂಕದ ವಿಷಯ ಹೇಳಹೊರಟೆ. ಅವರು ಕೇಳಲಿಲ್ಲ. ಹಣದ ಗಲ್ಲೆಯ ಒಳಗಿಂದ ಹಳದಿಗಟ್ಟಿದ ಒಂದು ಕಾಗದದ ಲಕೋಟೆ ತೆಗೆದು ನನ್ನ ಮುಂದೆ ಬಡಿದರು. "ಕಾಣಿ ಇಲ್ಲಿ. ಕೊಟ್ಟವ್ರೇ ಕೈಯಾರೆ ಬರ್ದ್ ಕೊಟ್ಟದ್ದ್. ಅವ್ರ್ ಸುಳ್ಳ್ ಹೇಳುವ ಜನ ಅಲ್ಲ ಅಂದೇಳಿ ನಮ್ಮವ್ರ್ ಸಾಯು ತನಕ ಹೇಳ್ತಿದ್ರ್."

ಲಕೋಟೆ ಕ್ಯಾಲೆಂಡರಿನ ಹಾಳೆಯದು. ಓದುವ ಮೊದಲೇ ಅಕ್ಷರ ಗುರುತು ಸಿಕ್ಕಿತು. ಗಾಳದ ಹಾಗೆ ಬಾಲ ಎಳೆದ ನಿಮ್ಮ 'ಳ'. "ಮಾಬ್ಲನಿಗೆ. ಇದು ಸಾಚಾ. ಸುಳ್ಳೆಂದು ಯಾವತ್ತು ಗೊತ್ತಾದರೂ ವಾಪಸ್ ತೆಗೆದುಕೊಳ್ಳುತ್ತೇನೆ. ನಾಗೇಶ, ಗಂಗೊಳ್ಳಿ." ನಿಜ ಹೇಳುತ್ತೇನೆ, ಸಿಟ್ಟು ಮಾಡಬೇಡಿ. ಎದ್ದು ಹೋಗಿಬಿಡೋಣ ಅನ್ನಿಸಿತು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ನಿಮ್ಮ ಹೆಸರು ಆ ಅಂಗಡಿಯಲ್ಲಿ ಸಾಚಾ ಆಗಿಯೇ ಉಳಿಯುತ್ತಿತ್ತು. ನನ್ನ ಒಂದು ಮಾತಿನಿಂದ ಅದನ್ನು ಯಾಕೆ ಹಾಳುಮಾಡಬೇಕು? ಆದರೆ ಆ ನಾಣ್ಯ ಹುಬ್ಬಳ್ಳಿಗೆ ಹೋಗಿ, ಅಲ್ಲಿ ಯಾರೋ ತೂಕಕ್ಕಿಟ್ಟು, ಈ ಹೆಂಗಸನ್ನು ಮೋಸಗಾತಿ ಎಂದು ಊರಿಗೆಲ್ಲ ಹೇಳಿದರೆ? "ಗಿರಿಜಮ್ಮ," ಎಂದೆ, "ಇದ್ ಬರ್ದ್ ಕೊಟ್ಟವ್ರ್ ನಮ್ಮ ಮಾವಯ್ಯ. ಅವ್ರೂ ಈಗ ಇಲ್ಲ. ವಾಪಸ್ ತಕಂತೆ ಅಂತ ಬರ್ದಿದ್ರ್ ಅಲ್ದಾ. ನಾನ್ ತಕಂಡ್ ಹೋತೆ."

ಗಿರಿಜಮ್ಮ ಜೆರಾಕ್ಸ್ ಯಂತ್ರ ಆರಿಸಿ ನನ್ನ ಎದುರು ಕೂತರು. "ನಾಗೇಶಣ್ಣನ ಸೊಸ್ಯಾ ನೀವ್?" ಎಂದು ಎರಡು ಸಲ ಕೇಳಿದರು. ಆಮೇಲೆ ಅವರು ಹೇಳಿದ್ದು ನನಗೆ ಗೊತ್ತೇ ಇರದ ನಿಮ್ಮ ಕತೆ. ಮುಂಬೈಯಲ್ಲಿ ಅವರ ಗಂಡ ಮಹಾಬಲಣ್ಣ, ನಿಮ್ಮ 'ಮಾಬ್ಲ', ಕ್ಯಾಂಟೀನಿನಲ್ಲಿ ಗಲ್ಲೆಗೆ ಕೂರುತ್ತಿದ್ದದ್ದು, ನೀವಿಬ್ಬರೂ ಒಂದೇ ಬಾಡಿಗೆ ಖೋಲಿಯಲ್ಲಿ ಏಳು ವರ್ಷ ಇದ್ದದ್ದು, ಅವರು ಊರಿಗೆ ಮರಳುವ ದಿನ ಸ್ಟೇಷನ್ನಿನಲ್ಲಿ ನಾಣ್ಯ ಬದಲಾಯಿಸಿಕೊಂಡದ್ದು. ನೀವು ಎರಡು ಮೀನು ಕೊಟ್ಟಿರಿ, ಅವರು ತಮ್ಮ ಅಜ್ಜನ ಕಾಲದಿಂದ ಮನೆಯಲ್ಲಿದ್ದ ಗಂಡಭೇರುಂಡ ಕೊಟ್ಟರು. ಬಿಳಿ ಬಟ್ಟೆಯಲ್ಲಿ ಸುತ್ತಿದ್ದು ಯಾವುದೆಂದು ನನಗೆ ಆಗ ತಿಳಿಯಿತು.

"ಮೂರ್ ವರ್ಷದ್ ಹಿಂದೆ ನಿಮ್ಮ ಮಾವ ಒಬ್ರೇ ಬಸ್ಸಲ್ಲಿ ಬಂದಿದ್ರ್," ಎಂದರು ಗಿರಿಜಮ್ಮ. ಆಗ ಮಹಾಬಲಣ್ಣನಿಗೆ ಎದ್ದು ಓಡಾಡಲು ಆಗುತ್ತಿರಲಿಲ್ಲವಂತೆ, ಕುರ್ಚಿಯಲ್ಲೇ ಇರುತ್ತಿದ್ದರು. "ಚಾ ಕುಡುದ್ರ್. ಕಿಸೆಯಿಂದ ಬಟ್ಟೆ ಗಂಟ್ ತೆಗ್ದ್ ಮೇಜಿನ್ ಮೇಲೆ ಇಟ್ರ್. 'ಮಾಬ್ಲ, ಆ ಮೀನಿನ ನಾಣ್ಯ ನಂಗೆ ವಾಪಸ್ ಕೊಡ್, ಇದ್ ನೀ ಇಟ್ಕೊ' ಅಂದ್ರ್. ನಮ್ಮವ್ರ್ ನೆಗ್ಯಾಡಿ, 'ಸತ್ರೂ ಕೊಡುದಿಲ್ಲ ನಾನ್' ಅಂದ್ರ್. ನಿಮ್ಮ ಮಾವ ಮತ್ತೂ ಎಂತದೋ ಹೇಳುಕ್ ಹೊರ್ಟ್ರ್. ಇವ್ರ್ ಬಿಡ್ಲೇ ಇಲ್ಲ, ಮಾತ್ ತಿರ್ಗಿಸಿ ಮುಂಬೈ ಕತೆ ಸುರು ಮಾಡ್ರ್. ಇಬ್ರೂ ಸಂಜೆ ತನಕ ನೆಗ್ಯಾಡಿದ್ದೇ ನೆಗ್ಯಾಡಿದ್ದ್. ಹೋಪು ಹೊತ್ತಿಗೆ ಆ ಗಂಟ್ ಇವ್ರೇ ನಿಮ್ಮ ಮಾವನ ಕಿಸೆಗೆ ತುರ್ಕಿದ್ರ್. ನಾನೆಂತ ಎಣ್ಸಿದೆ ಅಂದ್ರೆ, ಒಳ್ಳೆ ನಾಣ್ಯ ಕೊಟ್ಬಿಟ್ಟೆ ಅಂತ ನಾಗೇಶಣ್ಣನಿಗೆ ಈಗ ಆಸೆ ಆಯ್ತ್ ಅಂತ!"

ಆ ದಿನ ನನಗೆ ನೆನಪಿದೆ ಮಾವಯ್ಯ. ಐದು ನಕ್ಷತ್ರದವನ ನಾಣ್ಯದ ಗೀರು ನೋಡಿದ ನಾಲ್ಕನೆಯ ದಿನ. ಮಾಬ್ಲನಿಗೆ ಕೊಟ್ಟದ್ದರಲ್ಲೂ ಅದೇ ಗೀರು ಇತ್ತೆಂದು ನಿಮಗೆ ನೆನಪಾಗಿರಬೇಕು. ಉಪ್ಪುಂದದ ನೆಂಟರ ಮನೆಗೆ ಹೋಗಿ ಬರುತ್ತೇನೆ ಎಂದಿದ್ದಿರಿ. ಸಂಜೆ ಬಂದವರು ಊಟ ಬೇಡ ಎಂದಿರಿ. ನನಗಾದರೂ ಒಂದು ಮಾತು ಹೇಳಬಾರದಿತ್ತೇ? ನನಗೆ ನಕ್ಷತ್ರ ಎಣಿಸುವುದು ಕಲಿಸಿದಿರಿ, ಅಂಚು ನೋಡುವುದು ಕಲಿಸಿದಿರಿ, ನಿಮ್ಮ ಕೈಯಿಂದಲೇ ಒಂದು ಸುಳ್ಳು ನಾಣ್ಯ ದಾಟಿ ಹೋಗಿದೆ ಎಂದು ಹೇಳಲು ನಾಚಿಕೆಯಾಯಿತೇ? ಮುಂಬೈಯ ಫುಟ್‌ಪಾತಿನಲ್ಲಿ ಇಪ್ಪತ್ತೈದರ ವಯಸ್ಸಿನಲ್ಲಿ, ಕೈಯಲ್ಲಿ ತಕ್ಕಡಿ ಇಲ್ಲದೆ, ಎರಡು ಮೀನು ಕಂಡ ಖುಷಿಯಲ್ಲಿ ಕೊಂಡದ್ದು ತಾನೇ? ನಾನೇನು ನಗುತ್ತಿದ್ದೆನೇ? ಸ್ವಲ್ಪ ನಗುತ್ತಿದ್ದೆ. ಆದರೆ ಜೊತೆಗೆ ಬೈಂದೂರಿಗೂ ಬರುತ್ತಿದ್ದೆ.

ಗಿರಿಜಮ್ಮ ಅವತ್ತು ಮಾಡಿದ ಕೆಲಸವನ್ನು ನೀವು ಕಣ್ಣಾರೆ ನೋಡಬೇಕಿತ್ತು. ಫೋನ್ ಕೈಗೆ ತೆಗೆದುಕೊಂಡರು. "ಹುಬ್ಬಳ್ಳಿಯವ್ರಿಗೆ ಗೊತ್ತಾತಿಲ್ಲ ಅಲ್ದಾ?" ಎಂದು ನನ್ನನ್ನೇ ಕೇಳಿದರು. "ಗೊತ್ತಾಪುದ್ ಅವ್ರಿಗಲ್ಲ, ನಂಗೆ," ಎಂದು ತಾವೇ ಉತ್ತರ ಹೇಳಿಕೊಂಡು ಟೈಪ್ ಮಾಡಿದರು: ನಾಣ್ಯ ಸಾಚಾ ಅಲ್ಲ ಎಂದು ಈಗ ತಿಳಿಯಿತು, ಕೊಡುವುದಿಲ್ಲ, ತಪ್ಪು ತಿಳಿಯಬೇಡಿ. ಕಾಲು ಗಂಟೆಯಲ್ಲಿ ಉತ್ತರ ಬಂತು. ಹಾಗಾದರೆ ನಿಮ್ಮ ಹತ್ತಿರ ಬೇರೆ ಏನೇನಿದೆ, ಫೋಟೋ ಕಳಿಸಿ ಎಂದು. ಆ ಮನುಷ್ಯ ಆಮೇಲೆ ಅವರಿಂದ ನಾಲ್ಕು ತಾಮ್ರದ ನಾಣ್ಯ ತರಿಸಿಕೊಂಡ. ಗಿರಿಜಮ್ಮನಿಗೆ ಸಿಕ್ಕ ಮೊದಲ ನಕ್ಷತ್ರಗಳು ಅವನದೇ. ಕೆಳಗೆ ಏನು ಬರೆದಿದ್ದಾನೆ ಗೊತ್ತೇ? "ಇವರು ನನಗೆ ಒಂದು ನಾಣ್ಯ ಮಾರಲಿಲ್ಲ. ಅದಕ್ಕೇ ಇವರ ಹತ್ತಿರ ಕೊಂಡೆ."

ಮನೆಗೆ ಬಂದು ನಿಮ್ಮ ಮಗನಿಗೆ ಎಲ್ಲ ಹೇಳಿದೆ. ಹೆದರಿಕೆಯಿಂದಲೇ ಹೇಳಿದೆ. ಅರ್ಧ ವರಾಹ ಡಬ್ಬಿಯಲ್ಲಿ ಇದ್ದದ್ದರಲ್ಲೆಲ್ಲ ಬೆಲೆಯ ವಸ್ತು, ಅದನ್ನು ಕೊಟ್ಟುಬಿಡಬೇಕು ಎಂದರೆ ಏನನ್ನುತ್ತಾರೋ? ಅವರು ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಯಲ್ಲಿ ಒರೆಸುತ್ತಾ ಕೇಳಿದರು. ನಾನು ತಂದಿದ್ದ ಲಕೋಟೆಯನ್ನು ಬೆಳಕಿಗೆ ಹಿಡಿದು ಓದಿದರು. "ಅಪ್ಪಯ್ಯ ಬರ್ದ್ ಕೊಟ್ಟಿದ್ರ್ ಅಲ್ದಾ? ಮತ್ತೆಂತ ಯೋಚ್ನೆ? ಕೊಟ್ಟ್ ಬಪ್ಪ. ನಾನೂ ಬತ್ತೆ," ಎಂದರು. ಆ ಭಾನುವಾರ ಇಬ್ಬರೂ ಬೈಕಿನಲ್ಲಿ ಹೋದೆವು. ಗಿರಿಜಮ್ಮ ಬೇಡ ಬೇಡವೆಂದರು. ಕೊನೆಗೆ ನಿಮ್ಮ ಮಗ, "ಅಪ್ಪಯ್ಯನ ಮಾತ್ ಉಳ್ಸುಕಾದ್ರೂ ತಕಣಿ," ಎಂದ ಮೇಲೆ ಕೈಯೊಡ್ಡಿದರು. ನಿಮ್ಮ ಎರಡು ಮೀನು ನಮ್ಮ ಡಬ್ಬಿಗೆ ಬಂತು. ಆ ಲಕೋಟೆಯ ಮೇಲೆ, ನಿಮ್ಮ ಅಕ್ಷರದ ಕೆಳಗೆ, 'ನಕಲು' ಎಂದು ದಪ್ಪ ಅಕ್ಷರದಲ್ಲಿ ಬರೆದಿಟ್ಟೆ, ಮುಂದೆ ಯಾರ ಕೈಗೆ ಹೋದರೂ ಇನ್ನೊಬ್ಬರು ಮೋಸಹೋಗಬಾರದೆಂದು. ನಿಮ್ಮ ಮೇಲಿದ್ದ ಭಾರ ಇಳಿಸಿದೆ ಎಂದುಕೊಂಡು ಹತ್ತು ದಿನ ಸಮಾಧಾನದಲ್ಲಿದ್ದೆ. ಆದರೆ ಅದು ಅರ್ಧ ಸುದ್ದಿಯಷ್ಟೇ.

ಮೊನ್ನೆ ಗುರುವಾರ ಮಧ್ಯಾಹ್ನ, ಲ್ಯಾಬಿನಲ್ಲಿ ಕೈಗವಸು ಹಾಕಿಕೊಂಡಿದ್ದಾಗ, ಗಿರಿಜಮ್ಮನ ಫೋನು ಮೂರು ಸಲ ಬಂತು. ಕೈ ತೊಳೆದು ಹೊರಗೆ ಬಂದು ಮಾಡಿದೆ. ಮಹಾಬಲಣ್ಣನ ಕಪಾಟಿನಲ್ಲಿ ಒಂದು ನೋಟ್‌ಬುಕ್ ಸಿಕ್ಕಿತಂತೆ. ಯಾವ ನಾಣ್ಯ ಎಲ್ಲಿಂದ ಬಂತು ಎಂದು ಒಂದೊಂದಕ್ಕೂ ಬರೆದಿಟ್ಟದ್ದು. ಹುಬ್ಬಳ್ಳಿಯವನಿಗೆ ಹೇಳಲು ಅನುಕೂಲವಾಗಲೆಂದು ಗಿರಿಜಮ್ಮ ಪುಟ ತಿರುಗಿಸುತ್ತಾ ಹೋಗಿದ್ದಾರೆ. "ಒಂದ್ ಪುಟ ಓದ್ತೆ, ಕೇಣಿ," ಎಂದು ನಿಧಾನಕ್ಕೆ ಅಕ್ಷರ ಕೂಡಿಸಿ ಓದಿದರು. "ಎರಡು ಮೀನು. ನಾಗೇಶ ಕೊಟ್ಟದ್ದು. ತಾಮ್ರಕ್ಕೆ ಬಂಗಾರದ ನೀರು. ಅವನಿಗೆ ಹೇಳುವುದು ಬೇಡ. ಮಾರುವುದಲ್ಲ."

ಅದು ಯಾವಾಗ ಬರೆದದ್ದು ಎಂದು ಕೇಳಿದೆ. ಆ ಪುಟದ ನಂತರ ಇನ್ನೂ ಹದಿನೈದು ಇಪ್ಪತ್ತು ಪುಟ ಬರೆದಿದ್ದಾರಂತೆ, ಎಲ್ಲ ಮಹಾಬಲಣ್ಣ ಎದ್ದು ಓಡಾಡುತ್ತಿದ್ದ ಕಾಲದಲ್ಲಿ ಕೊಂಡ ನಾಣ್ಯಗಳದ್ದು. ಗಿರಿಜಮ್ಮ ಅತ್ತ ಕಡೆಯಿಂದ ಅಳುತ್ತಿದ್ದರೋ ನಗುತ್ತಿದ್ದರೋ ಗೊತ್ತಾಗಲಿಲ್ಲ. "ಜಲಜಾ, ಅದ್ ನಕ್ಲಿ ಆದ್ರೂ ಅಡ್ಡಿಲ್ಲ, ನಂಗೆ ವಾಪಸ್ ಕೊಡ್ತ್ರ್ಯಾ? ನಿಮ್ಮ ಗಂಡಭೇರುಂಡ ನೀವೇ ತಕಂಡ್ ಹೋಯ್ನಿ. ಇವ್ರ್ ಬೇಡ ಅಂದದ್ದನ್ನ ನಾನ್ ಹ್ಯಾಂಗೆ ಇಟ್ಕಂಬುದ್?" ಎಂದರು.

ನಾಳೆ ಭಾನುವಾರ ನಾವಿಬ್ಬರೂ ಮತ್ತೆ ಬೈಂದೂರಿಗೆ ಹೋಗುತ್ತೇವೆ. ನೀವು ಬರೆದುಕೊಟ್ಟ ಲಕೋಟೆಯಲ್ಲೇ ಹಾಕಿ ಅವರ ಕೈಗೆ ಕೊಟ್ಟು ಬರುತ್ತೇನೆ. ಗಂಡಭೇರುಂಡ ಬೇಕೋ ಬೇಡವೋ ಎಂದು ನಿಮ್ಮ ಮಗನೂ ಗಿರಿಜಮ್ಮನೂ ಚಾ ಕುಡಿಯುತ್ತಾ ಜಗಳಾಡಿಕೊಳ್ಳಲಿ. ನಾನು ಮಧ್ಯೆ ಹೋಗುವುದಿಲ್ಲ. ನನಗೆ ನಿಮಗೆ ಹೇಳಬೇಕಾದದ್ದು ಒಂದೇ. ಆ ಕಡೆ ನೀವಿಬ್ಬರೂ ಭೇಟಿಯಾಗಿದ್ದರೆ ಈಗಾಗಲೇ ತಿಳಿದಿರಬಹುದು, ಆಗಿಲ್ಲದಿದ್ದರೆ ನನ್ನಿಂದಲೇ ಕೇಳಿ. ಮಹಾಬಲಣ್ಣನಿಗೆ ಗೊತ್ತಿತ್ತು ಮಾವಯ್ಯ. ನೀವು ಗಂಟು ಕಿಸೆಯಲ್ಲಿಟ್ಟುಕೊಂಡು ಬೈಂದೂರಿನ ಬಸ್ಸು ಹತ್ತುವ ಎಷ್ಟೋ ವರ್ಷ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಕೊಡುವುದಿಲ್ಲ ಎಂದರು.

ನಿಮ್ಮ ಸೊಸೆ,
ಜಲಜಾ